ಮೌನವೂ ಒಂದು ಸಹಿಯೇ
(ವಿದ್ಯಾರ್ಥಿಗಳ ಪ್ರತಿಭಾ ಪುರಸ್ಕಾರ ಸಭೆಯಲ್ಲಿ ಮಾಡಿದ ಭಾಷಣ)



ಸರಕಾರಿ ಹುದ್ದೆಗಳಲ್ಲಿ ಮುಸ್ಲಿಮರ ಪ್ರಾತಿನಿಧ್ಯ ತೀರಾ ಕಡಿಮೆಯೆಂಬುದನ್ನು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತು. ನ್ಯಾಯವಾದ ಪಾಲನ್ನು ಕೇಳುವುದು ನಮ್ಮ ಹಕ್ಕು. ಆದರೆ ಹುದ್ದೆ ಸಿಕ್ಕ ಬಳಿಕ ನಾವೇನು ಮಾಡುವೆವು? ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಓರ್ವ ಅಧಿಕಾರಿಯ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ಕೆನಡಾದಲ್ಲಿ 1914ರಲ್ಲಿ ಜನಿಸಿದ ಡಾ. ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ 1960ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯನ್ನು ಸೇರಿದರು. ಕೆಲವೇ ವಾರಗಳಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯ ಕಡತ ಅವರ ಮೇಜಿಗೆ ಬಂತು. ಯುರೋಪಿನಲ್ಲಿ ಅದಾಗಲೇ ಧಾರಾಳವಾಗಿ ಮಾರಾಟವಾಗುತ್ತಿತ್ತು. ಗರ್ಭಿಣಿಯರೂ ವಾಕರಿಕೆ ತಡೆಯಲು ಸೇವಿಸುತ್ತಿದ್ದರು. ಅಂದಿನ ಕಾನೂನಿನ ಪ್ರಕಾರ 60 ದಿನಗಳೊಳಗೆ ಅಧಿಕಾರಿ ಆಕ್ಷೇಪಿಸದಿದ್ದರೆ ಔಷಧಿಗೆ ತಾನಾಗಿ ಅನುಮತಿ ದೊರೆಯುತ್ತಿತ್ತು. ಅಂದರೆ ಸುಮ್ಮನಿದ್ದರೂ ಸಾಕಿತ್ತು.

ಕೆಲ್ಸಿ ಸುಮ್ಮನಿರಲಿಲ್ಲ. ಗಡುವು ಸಮೀಪಿಸಿದಾಗಲೆಲ್ಲ ಪುರಾವೆ ಸಾಲದೆಂದು ಬರೆದರು. ಕಂಪೆನಿಯವರು ಮೇಲಧಿಕಾರಿಗಳಿಗೆ ದೂರಿದರು, ಅವರು ಕದಲಲಿಲ್ಲ. ದೀರ್ಘಕಾಲ ಸೇವಿಸಿದವರ ನರಗಳಿಗೆ ಹಾನಿಯಾಗಿರುವ ವರದಿ ಓದಿದಾಗ, ಹಾಗಾದರೆ ಗರ್ಭದಲ್ಲಿರುವ ಶಿಶುವಿನ ಗತಿಯೇನೆಂದು ಪ್ರಶ್ನಿಸಿದರು.

1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಸತ್ಯ ಹೊರಬಿತ್ತು. ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದರು. ಅಮೆರಿಕದಲ್ಲೂ ಪ್ರಯೋಗದ ಹೆಸರಲ್ಲಿ ವೈದ್ಯರ ಮೂಲಕ ಹಂಚಿದ ಮಾತ್ರೆಗಳಿಂದ ಕೆಲವು ಮಕ್ಕಳು ಬಾಧಿತರಾದರು. ಆದರೆ ಮಹಾದುರಂತವೊಂದು ತಪ್ಪಿತು.

1962ರ ಆಗಸ್ಟ್ 7ರಂದು ಅಧ್ಯಕ್ಷ ಕೆನಡಿ ಅವರು ಕೆಲ್ಸಿಯವರಿಗೆ ಸರಕಾರಿ ಸೇವೆಯ ಅತ್ಯುನ್ನತ ಪದಕ ತೊಡಿಸಿದರು. ಅದೇ ವರ್ಷ ಕಾನೂನು ಬದಲಾಯಿತು. ಔಷಧಿ ಪರಿಣಾಮಕಾರಿಯೆಂದು ಸಾಬೀತುಪಡಿಸುವುದು ಕಂಪೆನಿಯ ಹೊಣೆಯಾಯಿತು. 2005ರಲ್ಲಿ, ತಮ್ಮ 90ರ ವಯಸ್ಸಿನಲ್ಲಿ ಅವರು ನಿವೃತ್ತರಾದರು. 2015ರಲ್ಲಿ 101ರ ಹರೆಯದಲ್ಲಿ ನಿಧನರಾದರು.

ಸಹೋದರರೇ, ಇಸ್ಲಾಮ್ ಅಧಿಕಾರವನ್ನು ಅಮಾನತ್ ಎನ್ನುತ್ತದೆ. ಲಂಚ ಮುಟ್ಟದಿದ್ದರೆ ಅಮಾನತ್ ಪೂರ್ತಿಯಾಯಿತೆಂದು ನಾವು ಭಾವಿಸುತ್ತೇವೆ. ಆದರೆ ಓದದೆ ಬಿಟ್ಟ ಕಡತಕ್ಕೂ, ಕೇಳದೆ ಬಿಟ್ಟ ಪ್ರಶ್ನೆಗೂ ಲೆಕ್ಕ ಕೊಡಬೇಕಾದ ದಿನವೊಂದಿದೆ. ಕೆಲ್ಸಿ ರಕ್ಷಿಸಿದ ಮಕ್ಕಳು ಯಾರೆಂದು ಅವರಿಗೇ ತಿಳಿದಿರಲಿಲ್ಲ. ಅವರ ಕುಲಗೋತ್ರ ಕೇಳುವ ಪ್ರಶ್ನೆಯೇ ಇರಲಿಲ್ಲ. ಮಕ್ಕಳೇ, ನಾಳೆ ನೀವು ಕೂರುವ ಕುರ್ಚಿಯೂ ಸಮುದಾಯದ ಸೊತ್ತಲ್ಲ, ಸಕಲ ಜನರ ಅಮಾನತ್. ಅದನ್ನು ನಿಭಾಯಿಸುವ ಧೈರ್ಯವನ್ನು ಅಲ್ಲಾಹನು ನಿಮಗೆ ಅನುಗ್ರಹಿಸಲಿ. ಆಮೀನ್.