ಕಾಯಿ ಕಡಿಯುವುದಕ್ಕೂ ಕಾಸು



ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಕಡಿಯಲು ಖರ್ಚಿಲ್ಲ, ಕವಡೆ ಒಲಿದರೆ ಸಾಕು. ದುಡ್ಡು ಕೊಟ್ಟೇ ಕಡಿಯಬೇಕೆಂಬ ಆಟಗಳು ಈಚಿನವು. ಅಮೆರಿಕದ ಸಿಡ್ ಸ್ಯಾಕ್ಸನ್ ರೂಪಿಸಿದ ‘ಅಕ್ವೈರ್’ 1964ರಲ್ಲಿ ಹೊರಬಂತು. ಹಲಗೆಯ ಮೇಲೆ ಬೆಳೆಯುವ ಹೋಟೆಲ್ ಕಂಪನಿಗಳು ಒಂದಕ್ಕೊಂದು ತಾಗಿದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಸೊಗಸಿರುವುದು ಆಮೇಲೆ. ನುಂಗಿಸಿಕೊಂಡ ಕಂಪನಿಯಲ್ಲಿ ಹೆಚ್ಚು ಷೇರಿದ್ದವರಿಗೆ ಬೋನಸ್. ಕೈಲಿರುವ ಷೇರನ್ನು ಮಾರಬಹುದು, ಎರಡಕ್ಕೊಂದರಂತೆ ಬದಲಿಸಿಕೊಳ್ಳಬಹುದು, ಇಟ್ಟುಕೊಳ್ಳಲೂಬಹುದು. ಮುಳುಗಿದ ಕಂಪನಿಯವನೇ ಆ ಹಣದಿಂದ ಆಟ ಗೆದ್ದಾನು! ಹನ್ನೊಂದು ಚೌಕ ತಲುಪಿದ ಕಂಪನಿಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ.

1974ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ ರೈಲ್ವೆ ಷೇರುಗಳ ‘1829’ ಆಟ ತಂದರು. 1990ರಲ್ಲಿ ಸಿಡ್ ಮೈಯರ್ ಅವರ ‘ರೈಲ್‌ರೋಡ್ ಟೈಕೂನ್’ ಬಂದು, ಎದುರಾಳಿ ರೈಲ್ವೆಯ ಷೇರು ಕೊಳ್ಳುವ ಆಟ ಕಂಪ್ಯೂಟರಿಗೂ ಹತ್ತಿತು. 2016ರ ‘ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ’ಯಲ್ಲಿ ಸೈನ್ಯವೇ ಇಲ್ಲ, ಮಂಗಳಗ್ರಹದಲ್ಲಿ ಉಳಿದವರ ಕಂಪನಿಗಳನ್ನೆಲ್ಲ ಕೊಂಡವನೇ ಗೆದ್ದವನು. ಒಂದೊಂದು ಷೇರು ಕೊಂಡಂತೆ ಮುಂದಿನದರ ಬೆಲೆ ಏರುತ್ತದೆ. ಈ ಏರಿಕೆ ಇಲ್ಲದಿದ್ದರೆ, ಮೊದಲು ದುಡ್ಡು ಮಾಡಿದವನು ಒಂದೇ ಏಟಿಗೆ ಎಲ್ಲರನ್ನೂ ಕೊಂಡು ಆಟ ಮುಗಿಸಿಬಿಡುತ್ತಾನೆ.

ನಿಜದ ಆಟವನ್ನು ಬೆಂಗಳೂರು 2019ರಲ್ಲಿ ಕಂಡಿತು. ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಸಾಫ್ಟ್‌ವೇರ್ ಕಂಪನಿ ಮೈಂಡ್‌ಟ್ರೀಯಲ್ಲಿದ್ದ ತಮ್ಮ ಶೇ. 20ರಷ್ಟು ಪಾಲನ್ನು ಷೇರಿಗೆ 980 ರೂಪಾಯಿಯಂತೆ ಎಲ್ ಅಂಡ್ ಟಿಗೆ ಮಾರಿದರು. ಮೈಂಡ್‌ಟ್ರೀ ಸ್ಥಾಪಕರು ಬೇಡವೆಂದರು, ಅವರ ಕೈಲಿದ್ದದ್ದು ಸುಮಾರು ಶೇ. 13. ಕೊನೆಗೆ ಕಂಪನಿ ಎಲ್ ಅಂಡ್ ಟಿಯ ಪಾಲಾಯಿತು. ಆದರೆ ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ನಿಯಮವೊಂದಿದೆ: ಶೇ. 25 ಅಥವಾ ಅದಕ್ಕೂ ಹೆಚ್ಚು ಪಾಲು ಪಡೆಯುವವನು ಉಳಿದ ಷೇರುದಾರರಿಂದಲೂ ಕನಿಷ್ಠ ಶೇ. 26 ಕೊಳ್ಳುವ ಬಹಿರಂಗ ಕೊಡುಗೆ ನೀಡಬೇಕು. ಸಣ್ಣ ಷೇರುದಾರನಿಗೂ ಒಳ್ಳೆಯ ಬೆಲೆಗೆ ಮಾರಿ ಹೊರಬರುವ ದಾರಿ ಅದು. ನಾನು ಹೇಳಿದ ಆಟಗಳಲ್ಲಿ ಇಂಥ ನಿಯಮವಿಲ್ಲ. ಅಕ್ವೈರ್ ಮಾತ್ರ ಅದರ ಹತ್ತಿರ ಸುಳಿಯುತ್ತದೆ. ನನಗೆ ಅದು ಹೆಚ್ಚು ಹಿಡಿಸಲು ಕಾರಣವೂ ಅದೇ.

ನಮ್ಮ ಹುಡುಗರು ಆಟ ಕಟ್ಟುವುದಾದರೆ ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯನ್ನೊಮ್ಮೆ ನೋಡಲಿ. ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಹರಾಜಿನಲ್ಲಿ ಪೈಪೋಟಿ ನಡೆಸುತ್ತಾರೆ, ಬೆಲೆ ಏರುತ್ತದೆ. ಇಷ್ಟಾದರೂ ಗೂಡು ತಂದ ರೈತ ಒಪ್ಪಿದರೆ ಮಾತ್ರ ಮಾರಾಟ. ಬೇಡವೆಂದರೆ ಮತ್ತೆ ಹರಾಜು. ಈ ‘ಬೇಡ’ವನ್ನು ಷೇರಿನ ಆಟಕ್ಕೆ ಸೇರಿಸಿದರೆ, ಕೊಳ್ಳುವವನು ಬರೀ ದುಡ್ಡಿನ ಲೆಕ್ಕ ಹಾಕಿದರಾಗದು, ಎದುರು ಕೂತವನ ಮನಸ್ಸನ್ನೂ ಲೆಕ್ಕ ಹಾಕಬೇಕಾಗುತ್ತದೆ.