ಮಣ್ಣಿನ ಗುಣ, ಬಿಳಿ ವೈನಿನ ರುಚಿ

(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಹಕಾರ ಸಂಘದ ಸಭೆಯಲ್ಲಿ ವೈನ್ ಮಾತು ಯಾಕಪ್ಪಾ ಅಂತ ಹಿಂದಿನ ಸಾಲಿನವರು ನಗುತ್ತಿದ್ದೀರಿ. ಕುಡಿಯಿರಿ ಅಂತ ಹೇಳಲು ನಾನು ನಿಂತಿಲ್ಲ. ಮಣ್ಣಿನ ಬೆಲೆ ತಿಳಿಯಲು ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ, ಅಷ್ಟೇ.

ಫ್ರಾನ್ಸ್ ದೇಶದಲ್ಲಿ ಶಾಬ್ಲಿ ಅಂತ ಒಂದು ಊರು. ಬೆಳೆಯುವುದು ಶಾರ್ಡನೆ ಎಂಬ ಬಿಳಿ ದ್ರಾಕ್ಷಿ. ಹಿಂದೊಂದು ಕಾಲಕ್ಕೆ ಸಮುದ್ರವಿದ್ದ ಜಾಗ. ಸುಣ್ಣದ ಮಣ್ಣಿನಲ್ಲಿ ಇಂದಿಗೂ ಚಿಪ್ಪು ಸಿಗುತ್ತವೆ. ಊರಿನ ಹೆಸರೇ ವೈನಿನ ಹೆಸರು. ತಳಿ ಒಂದೇ ಆದರೂ ಬಿಸಿಲಿಗೆ ಮುಖ ಮಾಡಿದ ಇಳಿಜಾರಿನ ಹೊಲದ್ದು ಮೇಲಿನ ದರ್ಜೆ, ಗುಡ್ಡದ ಮೇಲಿನ ಬಯಲಿನದು ಕೆಳಗಿನ ದರ್ಜೆ. ಅಲ್ಲಿ ದರ್ಜೆ ಕಟ್ಟುವುದು ಹೊಲಕ್ಕೆ.

ಹಾಗಂತ ಸುಣ್ಣದ ರುಚಿ ಬೇರು ಹತ್ತಿ ಹಣ್ಣಿಗೆ ಬರುವುದಿಲ್ಲ. ಮಣ್ಣಿನ ದೊಡ್ಡ ಕೆಲಸ ನೀರಿನ ಲೆಕ್ಕ ಇಡುವುದು. ನೀರು ಬಸಿದುಹೋಗುವ ಬಡ ಮಣ್ಣಿನಲ್ಲಿ ಬಳ್ಳಿ ಸೊಕ್ಕುವುದಿಲ್ಲ. ಹಣ್ಣು ಸಣ್ಣದು, ರಸ ಗಟ್ಟಿ. ಕೊಬ್ಬಿದ ಮಣ್ಣಿಗೆ ಯೂರಿಯಾನೂ ಸುರಿದರೆ ಬರೀ ಸೊಪ್ಪು, ಹಣ್ಣು ಸಪ್ಪೆ. ಕೆಂಪು ವೈನಿಗೆ ಸಿಪ್ಪೆ ಸಮೇತ ಹುದುಗು ಹಾಕುತ್ತಾರೆ. ಬಿಳಿಯದಕ್ಕೆ ಹಿಂಡಿದ ರಸ ಮಾತ್ರ. ಸಿಪ್ಪೆಯ ಒಗರು ಇಲ್ಲದ ಕಾರಣ ಹುಳಿಯೇ ಅದರ ಜೀವ. ರಾತ್ರಿ ತಂಪಿದ್ದರೆ ಆ ಹುಳಿ ಉಳಿಯುತ್ತೆ, ಸೆಕೆಯಿದ್ದರೆ ಕರಗಿಹೋಗುತ್ತೆ.

ನಮ್ಮ ರಾಜ್ಯದಲ್ಲೇ ನೋಡಿ. ನಂದಿಬೆಟ್ಟದ ಕೆಳಗೆ ದೊಡ್ಡಬಳ್ಳಾಪುರದ ಕಡೆ 1988ರಲ್ಲಿ ಶುರುವಾದ ಗ್ರೋವರ್ ಸಂಸ್ಥೆಯವರು ಫ್ರಾನ್ಸಿನ ತಳಿಗಳನ್ನೇ ನೆಟ್ಟರು. ಕೆಂಪು ಮಣ್ಣು, ಸುಮಾರು 900 ಮೀಟರ್ ಎತ್ತರ, ತಂಪು ರಾತ್ರಿ. ಹಾಸನದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ! ಫ್ರಾನ್ಸಿನ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ, ನಮ್ಮಲ್ಲಿ ಮಲಗುವುದಿಲ್ಲ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ತಳಿ ಅಲ್ಲಿಯದಾದರೂ ಬೇಸಾಯ ಇಲ್ಲಿಯದೇ ಆಗಬೇಕಾಯಿತು.

ಅರಕಲಗೂಡು ಕಡೆಯ ಹೊಗೆಸೊಪ್ಪಿನ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಗುರ ಕೆಂಪು ಮಣ್ಣಿನ ಎಲೆ ಬೇರೆ, ಆಂಧ್ರದ ಎರೆ ಮಣ್ಣಿನ ಎಲೆ ಬೇರೆ. ಸಾರಜನಕ ಜಾಸ್ತಿಯಾದರೆ ಎಲೆ ದಪ್ಪಗಾಗಿ ಹಸುರು ಬಿಡುವುದಿಲ್ಲ, ಬ್ಯಾರನ್‌ನಲ್ಲಿ ಬಣ್ಣ ತಿರುಗುವುದಿಲ್ಲ. ರಾಮನಾಥಪುರದ ಹರಾಜಿನಲ್ಲಿ ದರ ಬೀಳುತ್ತೆ. ಹಾಸನದ ಆಲೂಗೆಡ್ಡೆಯೂ ನೀರು ನಿಂತ ಮಣ್ಣಿನಲ್ಲಿ ಕೊಳೆಯುತ್ತೆ. ಚನ್ನರಾಯಪಟ್ಟಣದ ತೆಂಗಿನ ತೋಟ, ಹೊಳೆನರಸೀಪುರದ ಹೇಮಾವತಿ ಬಯಲಿನ ಗದ್ದೆ, ಎರಡಕ್ಕೂ ಒಂದೇ ಔಷಧಿ ನಡೆಯುತ್ತದೆಯೇ?

ಆದರೆ ಸಂಘದ ಗೊಬ್ಬರದ ಮಳಿಗೆಗೆ ಬಂದಾಗ ನೀವು ಕೇಳುವುದು, ಪಕ್ಕದ ಹೊಲದವನು ಎಷ್ಟು ಮೂಟೆ ಒಯ್ದ ಅಂತ. ಅವನ ಮಣ್ಣು ಯಾವುದು ಅಂತ ಒಬ್ಬರೂ ಕೇಳುವುದಿಲ್ಲ. ಸಾಲ ಮಾಡಿ ತಂದ ಗೊಬ್ಬರ ಬೆಳೆ ಕೆಡಿಸಿದರೆ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಈ ಮುಂಗಾರಿಗೆ ಮೊದಲು ಪ್ರತಿ ಸದಸ್ಯರೂ ಹೊಲದ ಎಂಟು ಹತ್ತು ಕಡೆ ಅರ್ಧ ಅಡಿ ಗುಂಡಿ ತೋಡಿ, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ತನ್ನಿ. ತಿಪ್ಪೆ ಪಕ್ಕದ್ದು, ಮರದ ಬುಡದ್ದು, ಬದುವಿನದು ಬೇಡ. ಕೆಂಪು ಹೊಲ, ಗದ್ದೆ ಎರಡೂ ಇದ್ದವರು ಎರಡು ಚೀಲ ತನ್ನಿ, ಬೆರೆಸಬೇಡಿ. ಚೀಟಿಯಲ್ಲಿ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ ಬರೆದಿರಲಿ. ಎಲ್ಲವನ್ನೂ ಒಟ್ಟಿಗೆ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯುವ ಹೊಣೆ ನನ್ನದು.