ಕೆರೆ ಮತ್ತು ಸಂಪ್: ಬದಲಾದ ಮಳೆಯ ಮುಂದೆ ನಾವು



ಹವಾಮಾನದ ಏರುಪೇರು, ಪ್ರಕೃತಿ ವಿಕೋಪ, ಸುಸ್ಥಿರ ಅಭಿವೃದ್ಧಿ – ಈ ಮೂರು ಮಾತುಗಳನ್ನು ಒಟ್ಟಿಗೆ ಆಡಿದೊಡನೆ ಸಭಿಕರಿಗೆ ಆಕಳಿಕೆ ಬರುವುದು ಸಹಜ. ಊಟಕ್ಕೆ ಮುಂಚಿನ ಉಪನ್ಯಾಸವಾದರಂತೂ ಹೇಳುವುದೇ ಬೇಡ. ಆದ್ದರಿಂದ ಜಗತ್ತಿನ ವಿಚಾರವನ್ನು ಸದ್ಯಕ್ಕೆ ಬದಿಗಿರಿಸಿ, ಇದೇ ಜೆರಿಕೋ ಸುತ್ತಮುತ್ತ ತಾವೆಲ್ಲರೂ ದಿನವೂ ಹಾದುಹೋಗುವ ಒಂದು ಗುಂಡಿಯಿಂದ ಆರಂಭಿಸೋಣ.

ಜೆರಿಕೋ, ಸಯೋಸೆಟ್, ಹಿಕ್ಸ್‌ವಿಲ್‌ಗಳ ವಸತಿ ಬೀದಿಗಳಲ್ಲಿ ಮನೆಗಳ ಸಾಲಿನ ನಡುವೆ ಅಲ್ಲಲ್ಲಿ ತಂತಿಬೇಲಿ ಹಾಕಿ ಬೀಗ ಜಡಿದ ತಗ್ಗು ಕಾಣುತ್ತದೆ. ಒಳಗೆ ಪೊದೆ, ಮರ. ಮಳೆಯ ಮರುದಿನ ಒಂದಿಷ್ಟು ನೀರು. ಇಲ್ಲಿಯವರು ಅದನ್ನು ‘ಸಂಪ್’ ಎನ್ನುತ್ತಾರೆ. ಬೆಂಗಳೂರಿನವರಿಗೆ ಸಂಪ್ ಎಂದರೆ ಮನೆಯಂಗಳದಡಿಯ ನೀರಿನ ತೊಟ್ಟಿ. ಈ ದೇಶದ ನೆಲಮಾಳಿಗೆಯ ಮೂಲೆಯಲ್ಲಿ ಪಂಪು ಕೂರಿಸಿದ ಕುಳಿಯೂ ಸಂಪೇ. ಹೆಸರೊಂದು, ಕೆಲಸ ಮೂರು.

ನಾಸೋ ಕೌಂಟಿ 1930ರ ದಶಕದಲ್ಲಿ ಈ ಗುಂಡಿಗಳನ್ನು ತೋಡಲಾರಂಭಿಸಿದ್ದು ಪರಿಸರಪ್ರೇಮದಿಂದಲ್ಲ, ಮಿತವ್ಯಯದಿಂದ. ಬೀದಿಯ ಮಳೆನೀರನ್ನು ಸಮುದ್ರದವರೆಗೆ ಕೊಳವೆಯಲ್ಲಿ ಒಯ್ಯುವುದಕ್ಕಿಂತ ಅಲ್ಲಲ್ಲೇ ಇಂಗಿಸುವುದು ಅಗ್ಗವಾಗಿತ್ತು. ಆದರೆ ಅದರ ಫಲ ದೊಡ್ಡದು. ಲಾಂಗ್ ಐಲೆಂಡಿನ ನಾಸೋ, ಸಫೋಕ್ ಕೌಂಟಿಗಳಿಗೆ ಕುಡಿಯುವ ನೀರು ನದಿಯಿಂದಲೋ ಜಲಾಶಯದಿಂದಲೋ ಬರುವುದಿಲ್ಲ. ಕಾಲಡಿಯ ಮರಳುಪದರಗಳಿಂದ ಮೇಲೆತ್ತಿದ ಅಂತರ್ಜಲವೇ ಗತಿ. 1978ರಲ್ಲಿ ಕೇಂದ್ರ ಸರಕಾರವು ಇದನ್ನು ಏಕೈಕ ಜಲಮೂಲವೆಂದು ಘೋಷಿಸಿತು. ಜೆರಿಕೋ ವಾಟರ್ ಡಿಸ್ಟ್ರಿಕ್ಟಿನ ನಲ್ಲಿಯಲ್ಲಿ ಇಂದು ಬರುವ ನೀರು ಎಂದೋ ಸುರಿದು ಇಂಗಿದ ಮಳೆ. ಬೇಲಿಯೊಳಗಿನ ಆ ತಗ್ಗು ನೆರೆಯನ್ನೂ ತಡೆಯುತ್ತದೆ, ಬಾವಿಯನ್ನೂ ತುಂಬುತ್ತದೆ.

ಈ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ವಸ್ತುವನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆಯೆಂದು ಲೆಕ್ಕ. ಮೇಲಿನ ಕೆರೆಯ ಕೋಡಿ ಹರಿದರೆ ಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು, ಹೀಗೆ ಸರಪಳಿ. ಒಂದು ಕೊಂಡಿ ಕಳಚಿದರೆ ಮೇಲೆ ನೆರೆ, ಕೆಳಗೆ ಬರ. ತೂಬು ತೆಗೆದು ಮುಚ್ಚಲು ನೀರುಗಂಟಿ ಇದ್ದ. ಕೆರೆಯ ದುರಸ್ತಿಗೆಂದೇ ‘ಬಿಟ್ಟುವಟ್ಟ’ ಎಂಬ ದತ್ತಿಯನ್ನು ಬಿಟ್ಟುದಕ್ಕೆ ಶಾಸನಗಳೇ ಸಾಕ್ಷಿ. ಕಟ್ಟುವ ದಿನವೇ ಕಾಪಾಡುವ ಖರ್ಚಿಗೂ ದಾರಿ ಮಾಡಿದರೆಂಬುದು ನಮ್ಮ ದೃಷ್ಟಿಯಲ್ಲಿ ಆ ಕಾಲದ ನಿಜವಾದ ಜಾಣ್ಮೆ.

ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವೊಂದಿದೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಜಾಗ ಕಿರಿದಾಗಿ ನೀರು ಹೆಚ್ಚಾಗುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿರುವುದು ಮತ್ತೂ ಒಂದು! ಎರಡು ಇಲಾಖೆಗಳ ನಡುವೆ ಸಿಕ್ಕ ಕೆರೆಯ ಪಾಡನ್ನು ಕಂಡವರಿಗೆ ಈ ಕೊನೆಯ ದೋಷದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೆಂಗಳೂರಿಗೆ ಬರೋಣ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಹೊರವರ್ತುಲ ರಸ್ತೆ, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರವನ್ನು ತಾವು ನೋಡಿದ್ದೀರಿ. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಮಾರ್ಚಿನಲ್ಲಿ, ಅದೇ ನಗರದ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದರು. ಮಳೆಯನ್ನು ಮಾತ್ರ ದೂರಿದರೆ ಈ ಒಗಟು ಬಿಡಿಸದು. ನೀರು ನಿಲ್ಲುವ ಜಾಗವನ್ನೂ ಹರಿಯುವ ರಾಜಕಾಲುವೆಯನ್ನೂ ಕಳೆದುಕೊಂಡ ಊರಿಗೆ ಎರಡೂ ಕಷ್ಟ ಒಟ್ಟಿಗೇ ಬರುತ್ತವೆ.

ಮಳೆಯೂ ಬದಲಾಗಿದೆ ಎಂಬುದು ದಿಟ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಶೇಷವು ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಅಂಗುಲ ಮಳೆ ಸುರಿಸಿತು. ನಗರದ ಚರಂಡಿಗಳು ತಾಳಬಲ್ಲದ್ದು ಗಂಟೆಗೆ ಸುಮಾರು 1.75 ಅಂಗುಲ. ನ್ಯೂಯಾರ್ಕ್ ನಗರದಲ್ಲಿ ಮಡಿದ 13 ಮಂದಿಯಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು. ಅವರಲ್ಲಿ ಬಹುಪಾಲು ನಮ್ಮಂತೆಯೇ ವಲಸೆ ಬಂದವರು, ಅಗ್ಗದ ಬಾಡಿಗೆ ಹುಡುಕಿದವರು. ಅದೇ ನಗರದ ಸ್ಟೇಟನ್ ಐಲೆಂಡಿನಲ್ಲಿ ಹಳ್ಳ, ಜೌಗು, ಕೊಳಗಳನ್ನು ಮುಚ್ಚದೆ ಜೋಡಿಸಿ ಮಳೆನೀರನ್ನು ಸಾಗಿಸುವ ‘ಬ್ಲೂಬೆಲ್ಟ್’ ಎಂಬ ಏರ್ಪಾಡು 1990ರ ದಶಕದಿಂದ ನಡೆದಿದೆ. ಕೆರೆ ಸರಪಳಿಯ ದೂರದ ಬಂಧು ಅದು.

2024ರ ಆಗಸ್ಟಿನಲ್ಲಿ ಸ್ಟೋನಿ ಬ್ರೂಕಿನ ಮಿಲ್ ಪಾಂಡಿನ ಏರಿ ಒಂದೇ ರಾತ್ರಿಯ ಮಳೆಗೆ ಒಡೆದು ಕೊಳ ಬರಿದಾಯಿತು; ಸ್ಮಿತ್‌ಟೌನಿನ ಬ್ಲೈಡನ್‌ಬರ್ಗ್ ಉದ್ಯಾನದಲ್ಲಿಯೂ ಹಾಗೆಯೇ. ಕೆರೆ ಒಡೆಯುವುದೆಂದರೆ ಏನೆಂದು ಲಾಂಗ್ ಐಲೆಂಡಿನವರಿಗೂ ತಿಳಿದ ದಿನ ಅದು.

ಎಲ್ಲದರಲ್ಲೂ ಇಲ್ಲಿಯವರೇ ಮುಂದೆ ಎಂದು ನಾವು ಹೇಳಲಾರೆವು. ನಾಸೋ ಕೌಂಟಿಯು ಮನೆಗಳ ಕೊಳಚೆನೀರನ್ನು ಶುದ್ಧಗೊಳಿಸಿ ದಶಕಗಳಿಂದ ಸಮುದ್ರಕ್ಕೆ ಬಿಡುತ್ತಿದೆ. ಇಂಗಬೇಕಾದ ನೀರು ಹೀಗೆ ಹೋದುದರಿಂದ ಎಷ್ಟೋ ತೊರೆಗಳು ಸೊರಗಿದವು. ಬೆಂಗಳೂರಿನಲ್ಲಾದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡಿದೆ. ಶುದ್ಧೀಕರಣ ಎರಡನೆಯ ಹಂತದಲ್ಲೇ ನಿಂತುದಕ್ಕೆ ರೈತರು, ಹೋರಾಟಗಾರರು ಎತ್ತಿದ ಆಕ್ಷೇಪ ನ್ಯಾಯವಾದದ್ದು. ಆದರೆ ಯೋಜನೆಯ ದಿಕ್ಕು ಸರಿಯೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ಕುಳಿತ ನಾವು ಮಾಡಬಹುದಾದದ್ದು ಬೇಕಾದಷ್ಟಿದೆ. ಮನೆಯ ಹಿತ್ತಲಿಗೆಲ್ಲ ಕಾಂಕ್ರೀಟು ಹೊದಿಸುವ ಮುನ್ನ ಆ ನೀರು ಯಾರ ನೆಲಮಾಳಿಗೆಗೆ ಹೋಗುವುದೆಂದು ನೋಡೋಣ. ಸಂಪ್ ಪಂಪಿಗೆ ಬ್ಯಾಟರಿ ಇರಲಿ. 2012ರ ಸ್ಯಾಂಡಿಯಲ್ಲಿ ವಿದ್ಯುತ್ ಎಷ್ಟು ದಿನ ಬರಲಿಲ್ಲವೆಂಬುದು ತಮಗೆ ನೆನಪಿರಬಹುದು. ಸಾಮಾನ್ಯ ಗೃಹವಿಮೆ ನೆರೆಹಾನಿಯನ್ನು ತುಂಬಿಕೊಡುವುದಿಲ್ಲ. ಸರಕಾರಿ ನೆರೆವಿಮೆ ಮಾಡಿಸಿದರೂ ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಚಂಡಮಾರುತದ ಸುದ್ದಿ ಕೇಳಿ ಓಡಿದರೆ ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ನಿವೇಶನ ಕೊಳ್ಳುವವರಿಗೊಂದು ಮಾತು. ಬಣ್ಣದ ಕರಪತ್ರವನ್ನು ನೋಡುವ ಮೊದಲು ಕಂದಾಯ ಇಲಾಖೆಯ ಗ್ರಾಮನಕ್ಷೆಯನ್ನು ತರಿಸಿ ನೋಡಿರಿ. ಕೆರೆಯಂಗಳವೋ ರಾಜಕಾಲುವೆಯೋ ಅಲ್ಲಿ ಗೆರೆಯಾಗಿ ಕಾಣುತ್ತದೆ. ಆ ಮನೆಯಲ್ಲಿ ವಾಸಿಸಬೇಕಾದವರು ನಮ್ಮ ವಯಸ್ಸಾದ ತಂದೆತಾಯಂದಿರು. ನೀರು ನುಗ್ಗಿದ ರಾತ್ರಿ ನಾವು ಎಂಟು ಸಾವಿರ ಮೈಲಿ ದೂರದಲ್ಲಿರುತ್ತೇವೆ. ಊರಿನ ಕೆರೆಗೆ ಹಣ ಕಳುಹಿಸುವ ಉದಾರಿಗಳು, ಹೂಳೆತ್ತುವ ಒಂದು ದಿನದ ಸಮಾರಂಭಕ್ಕೂ ಅಮೃತಶಿಲೆಯ ಫಲಕಕ್ಕೂ ಬದಲಾಗಿ, ಆ ಊರಿನ ನೀರುಗಂಟಿಗೆ ಹತ್ತು ವರ್ಷದ ಸಂಬಳವನ್ನು ಠೇವಣಿಯಿಡುವ ಬಗೆಯನ್ನು ಆಲೋಚಿಸಬೇಕೆಂದು ಕೋರುತ್ತೇವೆ.